ಹಲ್ಲುಗಾಲಿಯ ಮೇಲಿನ ಕುಂಕುಮ

ಅಪ್ಪ ನನ್ನನ್ನು ಹೊಗಳಿದ ದಿನ ನನಗೆ ನೆನಪಿಲ್ಲ. ನನ್ನ ತಂಗಿಯ ಗಂಡನನ್ನು ಹೊಗಳದ ದಿನವೂ ನೆನಪಿಲ್ಲ. ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವ ಅವನು ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಒಂಟಿಕೊಪ್ಪಲಿನ ನಮ್ಮ ಮನೆಗೆ ಸ್ಪ್ಯಾನರ್ ಚೀಲ ಹಿಡಿದು ಬಂದ. ಅಪ್ಪನ ಹಳೆಯ ಕಾರಿನ ಎಂಜಿನ್ ಮುಂದುಗಡೆ ಎಣ್ಣೆ ಸೋರುತ್ತಿತ್ತು. ಅಲ್ಲಿ ಎಣ್ಣೆ ತಡೆಯುವ ಸೀಲುಗಳನ್ನೂ ಅವುಗಳ ಮುಂದೆ ಓಡುವ ಟೈಮಿಂಗ್ ಬೆಲ್ಟನ್ನೂ ಮನೆಯಲ್ಲೇ ಬದಲಾಯಿಸುತ್ತೇನೆ ಎಂದ. “ನಮ್ಮ ಅಳಿಯಂದ್ರು ಇರ್ಬೇಕಾದ್ರೆ ಗ್ಯಾರೇಜ್ ಯಾಕೆ?” ಎಂದು ಅಪ್ಪ ಪಕ್ಕದ ಮನೆಗೂ ಕೇಳಿಸುವಂತೆ ಹೇಳಿದರು. ಅವನಿಗೆ ಬಹುವಚನ, ಲೋಟದ ತುಂಬ ಕಾಫಿ. ನನಗೆ ಒಂದು ಹರಕು ಬನಿಯನ್ನು, ಎಣ್ಣೆ ಒರೆಸುವುದಕ್ಕೆ.

ಕೆಲಸ ಶುರುವಾಗುವ ಮೊದಲು ಅಮ್ಮ ಪೂಜೆ ಮಾಡಿದರು. ಬ್ಯಾಟರಿಗೆ, ಸ್ಪ್ಯಾನರಿಗೆ, ಕೊನೆಗೆ ಜಾಕಿಗೂ ಕುಂಕುಮ ಇಟ್ಟರು.

ಬೆಲ್ಟ್ ಬಿಚ್ಚುವ ಮುಂಚೆ ಅದು ಸುತ್ತುವ ಹಲ್ಲುಗಾಲಿಗಳು ಎಲ್ಲಿ ನಿಂತಿವೆ ಎಂದು ಗುರುತು ಹಾಕಿಕೊಳ್ಳಬೇಕು. ಲೆಕ್ಕ ತಪ್ಪಿಸಿ ಕೂರಿಸಿ ಕೀ ತಿರುಗಿಸಿದರೆ ಎಂಜಿನ್ ಒಳಗೇ ಬಡಿದುಕೊಂಡು ಹಾಳಾಗುತ್ತದೆ. ಕಂಪನಿಯವರು ಕೊರೆದ ಗೆರೆ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಬಣ್ಣ ತಂದಿರಲಿಲ್ಲವಾದ್ದರಿಂದ ಅವನು ಅಮ್ಮನ ಕುಂಕುಮವನ್ನೇ ಎಣ್ಣೆಯಲ್ಲಿ ಕಲಸಿ ಚುಕ್ಕಿ ಇಟ್ಟನಂತೆ. ಆಗ ನಾನು ಅವನಿಗೇ ಎರಡನೇ ಕಾಫಿ ತರಲು ಒಳಗೆ ಹೋಗಿದ್ದೆ.

ಹೊಸ ಸೀಲುಗಳನ್ನು ಕೂರಿಸಿ, ಗಾಲಿಗಳನ್ನು ಮತ್ತೆ ಹಾಕಿ, “ಭಾವ, ಒಂಚೂರು ಎಣ್ಣೆ ಒರ್ಸಿಬುಡಿ” ಎಂದು ಅವನು ಊಟಕ್ಕೆ ಎದ್ದ. ಹಲ್ಲುಗಾಲಿಯ ಮೇಲೆ ಕುಂಕುಮ ಕಂಡಿತು. ಅಮ್ಮ ಇದನ್ನೂ ಬಿಟ್ಟಿಲ್ಲವಲ್ಲ ಎಂದುಕೊಂಡು ಪೆಟ್ರೋಲ್ ಹಾಕಿ ಚೆನ್ನಾಗಿ ಉಜ್ಜಿಬಿಟ್ಟೆ.

“ಕುಂಕುಮದಲ್ಲಿ ಗುರ್ತು ಹಾಕಿದ್ನಲ್ಲ, ಎಣ್ಣೆಗೆ ಹೊಂಟೋಯ್ತಾ?” ಊಟ ಮುಗಿಸಿ ಬಂದವನು ತಲೆ ಕೆರೆದುಕೊಂಡ. ನಾನು ಉಜ್ಜಿದ್ದು ಆ ಗುರುತನ್ನೇ. ಹೇಳಬೇಕಿತ್ತು. ಆದರೆ ಅಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ಎಣ್ಣೆ ಒರ್ಸಕ್ಕೂ ಬರಲ್ವಲ್ಲೋ ನಿಂಗೆ” ಅನ್ನುತ್ತಿದ್ದರು, ಖಂಡಿತ. ಅದೊಂದೇ ಅಲ್ಲ. ಅವನು ಅಪ್ಪನ ಕಣ್ಣೆದುರು ಒಂದು ಸಲವಾದರೂ ಎಡವಲಿ ಎಂಬ ಆಸೆ ನನಗೆ. ಕಾರು ಕೆಟ್ಟರೆ ಕೆಡಲಿ ಎಂದು ತುಟಿ ಬಿಗಿದುಕೊಂಡು ನಿಂತೆ.

ಅವನು ಅಂದಾಜಿನಲ್ಲಿ ಹೊಸ ಬೆಲ್ಟ್ ಹಾಕಿದ. ಅಪ್ಪ ಕೀ ಹಿಡಿದು ಕಾರೊಳಗೆ ಕೂತೇಬಿಟ್ಟರು. “ತಡೀರಿ ಮಾವ” ಎಂದವನೇ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಟಕ್ ಎಂದು ತಡೆದು ನಿಂತಿತು; ಲೆಕ್ಕ ತಪ್ಪಿತ್ತು. ಮತ್ತೆ ಬೆಲ್ಟ್ ಬಿಚ್ಚಿದ, ತುಕ್ಕು ಉಜ್ಜಿ ಉಜ್ಜಿ ಹಳೆಯ ಗೆರೆ ಹುಡುಕಿದ, ಸಂಜೆಯ ಹೊತ್ತಿಗೆ ಸರಿಯಾಗಿ ಕೂರಿಸಿದ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

“ತಪ್ಪು ನಂದೇ ಮಾವ. ಕುಂಕುಮ ನಂಬ್ಕೋಬಾರ್ದಿತ್ತು” ಎಂದ.

ಅಪ್ಪ ಇಳಿದು ಬಂದು ಅವನ ಜಿಡ್ಡುಗೈ ಹಿಡಿದುಕೊಂಡರು. “ಹಿಂಗೆ ತಪ್ಪು ಒಪ್ಕೊಳ್ಳೋರನ್ನ ಈ ಮನೇಲಿ ನಾನು ನೋಡೇ ಇಲ್ಲ ಕಣ್ರೀ.”

ಬಾಯಿ ಬಿಟ್ಟಿದ್ದರೆ ಆ ಮಾತು ನನ್ನದಾಗುತ್ತಿತ್ತು. ನಾನು ಮಾಡಿದ ತಪ್ಪಿಗೂ ಶಹಬ್ಬಾಸ್ ಅವನಿಗೇ ಹೋಯಿತು.