ಹೂಂ ಅನ್ನಲು ಯಾರೂ ಇಲ್ಲದ ಅಯ್ಯ

ಕುರುಗೋಡಿನ ಜನ ಮೈ ತೊಳೆಯಲು ಹಳ್ಳಕ್ಕೆ ಹೋಗುತ್ತಿದ್ದರು, ಮನಸ್ಸು ತೊಳೆಯಲು ಊರಿನ ಜಂಗಮ ಕೊಟ್ರಬಸಯ್ಯನ ಕಾಲಿಗೆ ಬರುತ್ತಿದ್ದರು. ಹಳ್ಳಕ್ಕಾದರೂ ಮಳೆಗಾಲದಲ್ಲಿ ಹೊಸ ನೀರು ಬರುತ್ತಿತ್ತು. ಅಯ್ಯನ ಕಾಲಿಗೆ ಬರುತ್ತಿದ್ದುದು ಬರೀ ಊರಿನ ರಾಡಿ.

ಸೋಮವಾರಕ್ಕೊಂದು ಮನೆಯಲ್ಲಿ ಅಯ್ಯನ ಪಾದಪೂಜೆ. ಪೂಜೆ ಮುಗಿದು ಮಂದಿ ಪ್ರಸಾದಕ್ಕೆ ಎದ್ದಾಗ ಮನೆಯವರಲ್ಲೊಬ್ಬರು ಹಿಂದುಳಿದು, ಆ ಪಾದಗಳಿಗೆ ಹಣೆ ಹಚ್ಚಿ, ಯಾರಿಗೂ ಹೇಳದ್ದನ್ನು ಪಿಸುಗುಡುತ್ತಿದ್ದರು. ಕೊನೆಗೆ "ನಿಮ್ಮ ಪಾದಕ್ಕ ಹಾಕೀನ್ರಿ" ಎಂದರೆ ಮುಗಿಯಿತು. ಹೇಳಿದವರು ಹಗುರಾಗಿ ಹೋಳಿಗೆಗೆ ಕೈ ಹಾಕುತ್ತಿದ್ದರು. ಅಯ್ಯನೂ ಅವರ ಪಕ್ಕದಲ್ಲೇ ಕೂತು ಉಣ್ಣಬೇಕು. ಕೇಳಿದ್ದು ಹೊರಗೆ ಹೋಗಬಾರದೆಂಬುದು ಅವನ ಅಪ್ಪನ ಕಾಲದಿಂದ ಬಂದ ಕಟ್ಟು. ಕೇಳಿದವನು ಅದನ್ನು ಎಲ್ಲಿ ಇಳಿಸಬೇಕೆಂದು ಮಾತ್ರ ಅಪ್ಪ ಹೇಳಲಿಲ್ಲ, ಊರು ಕೇಳಲಿಲ್ಲ. ಯಾಕೆ ಕೇಳೀತು? ಕಸ ಎಸೆದವರು ತಿಪ್ಪೆಯ ಯೋಗಕ್ಷೇಮ ವಿಚಾರಿಸುವುದುಂಟೆ?

ಎರಡನೆಯ ಮಹಾಯುದ್ಧ ಇನ್ನೂ ನಡೆದಿದ್ದಾಗ, ಒಂದು ಸೋಮವಾರ, ಮರಿಬಸಪ್ಪನ ಮನೆಯಲ್ಲಿ ಅವನ ಸತ್ತ ತಮ್ಮನ ಹೆಂಡತಿ ಚನ್ನಬಸಮ್ಮ ಹಿಂದುಳಿದಳು. ವಿಧವೆ. ಭಾವ ಮರಿಬಸಪ್ಪನಿಂದ ಬಸುರಾಗಿದ್ದಳು. ಅತ್ತೆ ಅವಳನ್ನು ತಿಂಗಳುಗಟ್ಟಲೆ ಒಳಗಿನ ಕೋಣೆಯಲ್ಲಿಟ್ಟು, ಹುಟ್ಟಿದ ಕೂಸನ್ನು ತಲೆಬಾಗಿಲ ಒಳಗಡೆಯ ಹಾಸುಗಲ್ಲೆಬ್ಬಿಸಿ ಅದರ ಕೆಳಗೆ ಹುಗಿದಿದ್ದಳು.

"ಸತ್ತು ಹುಟ್ಟೇತಿ ಅಂದ್ಲು ಅತ್ತಿ. ಆದ್ರ ಅದು ಒಮ್ಮೆ ಅತ್ತಿತ್ರಿ, ಅಯ್ನೋರ. ನಾ ಕೇಳೀನಿ," ಎಂದಳು ಚನ್ನಬಸಮ್ಮ. "ನಿಮ್ಮ ಪಾದಕ್ಕ ಹಾಕೀನಿ."

ಅಯ್ಯ ಹೊರಡಲು ಎದ್ದ. ದಾಟಿ ಹೋಗಬೇಕಾದ ಕಲ್ಲು ಅದೇ. ಬಲಗಾಲು ಇಟ್ಟ. ಕೇಳಿಸಿತು. ಎಳೆಯ ದನಿ, ಒಂದೇ ಸಲ, ಅಂಗಾಲಿನಡಿಯಿಂದ. ಅಂದಿನಿಂದ ಆ ಕಾಲು ಕಲ್ಲಾಯಿತು. ಬೇರೆ ಕಡೆ ಎಳೆದುಕೊಂಡಾದರೂ ನಡೆಯುತ್ತಿತ್ತು. ಆ ಬಾಗಿಲ ಮುಂದೆ ಮಾತ್ರ ಏಳುತ್ತಲೇ ಇರಲಿಲ್ಲ. ಆಮೇಲೆ ಅತ್ತೆ ಸತ್ತಳು, ಮರಿಬಸಪ್ಪನ ಹೆಂಡತಿಯೂ ಸತ್ತಳು. ಅಯ್ಯ ಜ್ವರ ಅಂದ, ನೆಗಡಿ ಅಂದ, ಆ ಮನೆಯ ಪಾಳಿ ತಪ್ಪಿಸಿದ. ಮರಿಬಸಪ್ಪ ಮಾತ್ರ ದಿನಾ ಆ ಕಲ್ಲು ತುಳಿದೇ ಹೊಲಕ್ಕೆ ಹೋಗಿಬಂದ. ಅವನ ಕಾಲು ಒಂದು ದಿನವೂ ನೋಯಲಿಲ್ಲ.

ಅಯ್ಯ ಬಾಯಿ ಬಿಡಬೇಕಿತ್ತು ಎನ್ನುವವರಿದ್ದಾರೆ. ಬಿಟ್ಟಿದ್ದರೆ ಊರು ಮರಿಬಸಪ್ಪನ ಕೊರಳಪಟ್ಟಿ ಹಿಡಿಯುತ್ತಿತ್ತೆ? ಚನ್ನಬಸಮ್ಮನ ಜುಟ್ಟು ಹಿಡಿಯುತ್ತಿತ್ತು. ಅದು ಅಯ್ಯನಿಗೆ ಗೊತ್ತಿತ್ತು, ನಮಗೂ ಗೊತ್ತಿದೆ.

ಇಷ್ಟರಲ್ಲಿ ಊರು ತನ್ನದೊಂದು ಹುಚ್ಚು ಹಚ್ಚಿಕೊಂಡಿತು. ಗಾದಿಲಿಂಗಪ್ಪನ ಬಾಗಿಲಲ್ಲಿ ಅಯ್ಯನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಅಯ್ಯ ತಟ್ಟನೆ ನಿಂತ. ಗಾದಿಲಿಂಗಪ್ಪ ಬೆವೆತುಹೋಗಿ, ದೊಪ್ಪನೆ ಬಿದ್ದು, "ತಪ್ಪಾತ್ರಿ! ಬದುವಿನ ಕಲ್ಲು ಸರಿಸಿದಾವ ನಾನs ರೀ!" ಎಂದು ಎಲ್ಲರ ಮುಂದೆ ಕೂಗಿದ.

"ನೋಡಿದ್ರೇನ್ರಲೇ? ಅಯ್ನೋರ ಕಾಲಿಗೆ ಪಾಪದ ವಾಸನಿ ಬಡೀತತಿ," ಎಂದ ಪಕ್ಕದ ಮನೆಯ ಉಚ್ಚಂಗೆಪ್ಪ.

"ಮುಳ್ಳು ಚುಚ್ಚೇತೋ ಮಾರಾಯ," ಎಂದ ಅಯ್ಯ.

"ದೊಡ್ಡೋರು ಹಂಗs ಅಂತಾರ ಬಿಡ್ರಿ."

ಆಮೇಲೆ ಯಾರೂ ಅಯ್ಯನ ಮುಖ ನೋಡಲಿಲ್ಲ. ಎಲ್ಲರ ಕಣ್ಣು ಕಾಲಿನ ಮೇಲೆ. ಕಾಲು ಕುಂಟಿದಷ್ಟೂ ಭಕ್ತಿ ಹೆಚ್ಚಿತು. ನಮ್ಮ ಪಾಪ ಹೊತ್ತೇ ಹಿಂಗಾಗೈತಿ ಎಂದು ಕಣ್ಣೀರು ಹಾಕಿ, ಮತ್ತಷ್ಟು ತಂದು ಅದೇ ಕಾಲಿಗೆ ಸುರಿದರು.

ಶ್ರಾವಣದ ಎರಡನೆಯ ಸೋಮವಾರ ಮರಿಬಸಪ್ಪನ ಮನೆ ಎಂದು ಊರೇ ಗೊತ್ತುಮಾಡಿತು. ಚನ್ನಬಸಮ್ಮ ಹೂ ಕೊಡುವ ನೆಪ ಮಾಡಿ ಅಯ್ಯನ ಮನೆಗೆ ಬಂದಳು.

"ನಿಮ್ಮ ಬಾಯಿ ಕಾಯ್ತತಿ ಅಂತ ನಂಬಿ ಹೇಳಿದೆ. ಈಗ ನಿಮ್ಮ ಕಾಲು ನನ್ನ ಕೊಲ್ತತಿ ನೋಡ್ರಿ. ಅದು ನಮ್ಮ ಬಾಗಿಲಾಗ ನಿಂತ್ರ ಕಲ್ಲು ಎಬ್ಬಸ್ತಾರ. ನನಗ ಬಾವಿನs ಗತಿ."

ಅಯ್ಯ ಹೂ ತೆಗೆದುಕೊಂಡು ದೇವರ ಮುಂದಿಟ್ಟ. ಮರುದಿನ ಇದ್ದಲಿನ ಹೊಗೆ ಕಾರುವ ಬಸ್ಸು ಹತ್ತಿ ಬಳ್ಳಾರಿಯ ಆಸ್ಪತ್ರೆಗೆ ಹೋದ. ಡಾಕ್ಟರು ಮೊಣಕಾಲಿಗೆ ತಟ್ಟಿ, ಸೂಜಿ ಚುಚ್ಚಿ, "ಎಲುಬು ಗಟ್ಟಿ ಐತ್ರಿ, ನರಾನೂ ನೆಟ್ಟಗದಾವು. ಏನರ ಹೆದರಿಕೊಂಡೀರೇನು?" ಎಂದರು. ಅಯ್ಯಂದಿರು ಹೆದರಬಾರದು. ಇಲ್ಲ ಅಂದ.

ಹೊರಗಿನ ಬೆಂಚಿನ ಮೇಲೆ ಹಸಿರು ರುಮಾಲಿನ ಮುದುಕನೊಬ್ಬ ಕೂತಿದ್ದ. ಸಿರುಗುಪ್ಪದ ಒಂದು ದರ್ಗಾದ ಗೋರಿ ನೋಡಿಕೊಳ್ಳುವ ಮುಜಾವರ, ಇಮಾಮಸಾಬ್. ನಿದ್ದೆ ಬರದೆ ಔಷಧಿಗೆ ಬಂದವನು.

"ಮಂದಿ ಬಂದು ದಾರ ಕಟ್ತಾರ್ರಿ ಸ್ವಾಮಿ. ಕಟ್ಟೋಮುಂದ ನನ್ನ ಕಿವ್ಯಾಗ ಎಲ್ಲಾ ಹೇಳ್ತಾರ. ಅವ್ರು ಮನೀಗೆ ಹೋಗಿ ಮಕ್ಕೋತಾರ, ನಾ ಎದ್ದು ಕುಂತಿರ್ತೀನಿ."

ಅಯ್ಯ ಅವನನ್ನೇ ನೋಡಿದ. "ನೀವು ಯಾರಿಗೆ ಹೇಳ್ತೀರಿ?"

"ಯಾರದಾರ್ರಿ? ಗೋರಿಗೆ ಹೇಳ್ತೀನಿ. ಗೋರಿ ಕೇಳ್ತತಿ, ಆದ್ರ ಹೂಂ ಅನ್ನಂಗಿಲ್ಲ."

ಅಯ್ಯನಿಗೆ ನಗು ಬಂತು. ಮನೆಯಲ್ಲಿ ಅಜ್ಜಿ ಕತೆ ಹೇಳಲೂ ಹೂಂ ಅನ್ನುವ ಒಂದು ಕೂಸು ಬೇಕು. ಇವರಿಬ್ಬರಿಗೆ ಅಷ್ಟೂ ಇರಲಿಲ್ಲ.

ಕುರುಗೋಡಿಗೆ ಮರಳದೆ ಅಯ್ಯ ಸಿರುಗುಪ್ಪದ ಬಸ್ಸು ಹತ್ತಿದ. ದರ್ಗಾದ ಹಿಂದೆ ಹುಣಸೆಮರದ ನೆರಳು. ಒಬ್ಬರು ಹೇಳುವುದು, ಇನ್ನೊಬ್ಬರು ಹೂಂ ಅನ್ನುವುದು. ಊರಿನ ಹೆಸರಿಲ್ಲ, ಮಂದಿಯ ಹೆಸರಿಲ್ಲ, ಬುದ್ಧಿವಾದವಂತೂ ಇಲ್ಲವೇ ಇಲ್ಲ ಎಂದು ಮಾತಾಯಿತು.

"ಒಂದು ಮನಿ," ಎಂದ ಅಯ್ಯ.

"ಹೂಂ."

"ಬಾಗಿಲಾಗ ಒಂದು ಕಲ್ಲು. ಕಲ್ಲಿನ ಕೆಳಗ ಒಂದು ಕೂಸು."

"ಹೂಂ."

"ಅದು ಒಮ್ಮೆ ಅತ್ತಿತ್ತಂತ. ನನಗ ಈಗ್ಲೂ ಕೇಳ್ತತಿ, ಸಾಬ್ರ."

ಈ ಸಲ ಇಮಾಮಸಾಬನ ಹೂಂ ಒದ್ದೆಯಾಗಿತ್ತು.

ಅವನ ಸರದಿ ಬಂತು. ದಾರ ಕಟ್ಟಲು ಬಂದಿದ್ದ ಒಬ್ಬ ಗಂಡಸು, ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ಹೆಂಡತಿ ಹೆಸರು ಹಿಡಿದು ಕೂಗುತ್ತಿದ್ದರೂ ದಂಡೆಯ ಮೇಲೆ ಕೂತು ಬೀಡಿ ಸೇದಿ ಮುಗಿಸಿದವನು. "ಯಾರರ ಬೀಡಿ ಹಚ್ಚಿದ್ರ ಸಾಕ್ರಿ, ನನಗ ಆಕಿ ಕೂಗು ಕೇಳ್ತತಿ," ಎಂದ ಇಮಾಮಸಾಬ್. ಅಯ್ಯ ಹೂಂ ಅಂದ.

ದನಿಗಳು ಹೋಗಲಿಲ್ಲ. ಅಂಥವು ಹೋಗುವುದೂ ಇಲ್ಲ. ಆದರೆ ಕೇಳುವ ಕಿವಿ ತನ್ನೊಬ್ಬನದೇ ಅಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು.

ಆ ಬಾಗಿಲಲ್ಲಿ ಕಾಲು ಏಳುವುದಿಲ್ಲ, ಮಂದಿ ಅದನ್ನೇ ನೋಡುತ್ತಾರೆ ಎಂದೂ ಅಯ್ಯ ಹೇಳಿದ. ಏಳುವಾಗ ತಡವರಿಸಿದ. ಇಮಾಮಸಾಬ್ ರಟ್ಟೆ ಹಿಡಿದು ಎಬ್ಬಿಸಿದ.

"ಕಾಲು ಏಳಂಗಿಲ್ಲಂದ್ರ ಯಾರ್ದರ ಕೈ ಹಿಡೀರಲ್ಲ."

"ಅಯ್ಯ ಆದಾವ ಕೈ ಬೇಡಿದ್ರ ಮಂದಿ ನಗ್ತಾರ."

"ನಗಲಿ ಬಿಡ್ರಿ. ನಗೋರು ಕಾಲು ನೋಡಂಗಿಲ್ಲ."

ಊರಿಗೆ ಬಂದ ಅಯ್ಯ ಮೊದಲ ಸೋಮವಾರ ಉಚ್ಚಂಗೆಪ್ಪನ ಬಾಗಿಲಲ್ಲೇ ನಿಂತ. ಉಚ್ಚಂಗೆಪ್ಪನ ಮುಖ ಸುಣ್ಣವಾಯಿತು. "ಮನಿ ಹೆಣಮಗಳು ಯಾರದಾರ? ಕೈ ಕೊಡ್ರವ್ವಾ, ನನಗ ಹತ್ತಾಕ ಆಗವಲ್ದು." ಹೆಂಡತಿ ಓಡಿಬಂದು ಕೈ ಕೊಟ್ಟಳು. ಆ ವಾರ ಭಿಕ್ಷಕ್ಕೆ ಹೋದ ಮನೆಮನೆಯಲ್ಲೂ ಹಾಗೇ. ಅಯ್ಯನಿಗೆ ವಯಸ್ಸಾತು, ಬಿಗುಮಾನ ಹೋತು ಎಂದು ಕಟ್ಟೆಯ ಮೇಲೆ ನಕ್ಕರು. ಕಾಲಿನ ಮಹಿಮೆಯ ಮಾತು ಸಣ್ಣಗಾಯಿತು.

ಎರಡನೆಯ ಸೋಮವಾರ ಮರಿಬಸಪ್ಪನ ಬಾಗಿಲು. ಮಂದಿ ಕೂಡಿದ್ದರು. ಮರಿಬಸಪ್ಪ ತಾನೇ ಕೈ ಚಾಚಿದ.

"ನೀ ನೀರಿನ ಚಂಬು ಹಿಡಿಯಪ್ಪಾ," ಎಂದ ಅಯ್ಯ. "ಎಲ್ಲಾರ ಮನ್ಯಾಗೂ ಹೆಣಮಕ್ಕಳs ಕೈ ಕೊಟ್ಟಾರ."

"ಈ ಮನ್ಯಾಗ ಇರಾಕಿ ರಂಡಿಮುಂಡಿ ಅದಾಳ್ರಿ. ಪೂಜಿ ಹೊತ್ತಿನ್ಯಾಗ ಆಕಿ ಕೈ..."

"ಮೊದ್ಲ ಚಂಬು ಹಿಡಿ."

ಚನ್ನಬಸಮ್ಮ ಬಂದಳು. ಅಯ್ಯ ಅವಳ ಕೈ ಹಿಡಿದ. ಬಲಗಾಲು ಏಳಲಿಲ್ಲ. ಅವಳು ಎಳೆದಳು. ಎದ್ದಿತು, ಕಲ್ಲಿನ ಮೇಲೆ ಬಿತ್ತು. ಆ ದನಿ ಬಂತು, ಒಂದೇ ಸಲ. ಅವಳ ಉಗುರು ಅವನ ಅಂಗೈಗೆ ನೆಟ್ಟಿತು; ಅವಳಿಗೂ ಕೇಳಿಸಿತ್ತು. ಹಿಂದೆ ನಿಂತ ಮಂದಿ ಜೈಕಾರ ಹಾಕಿದರು. ಇಬ್ಬರೂ ಕಲ್ಲು ದಾಟಿದರು.

"ಭಾಳ ಭಾರ ಅದೀರಿ, ಅಯ್ನೋರ," ಎಂದಳು ಚನ್ನಬಸಮ್ಮ, ಅವನಿಗಷ್ಟೇ ಕೇಳುವಂತೆ.

"ಹೌದು, ತಂಗಿ," ಎಂದ ಅಯ್ಯ. "ಭಾರ ಅದೀನಿ."