ಅಂಬರಗುಬ್ಬಿಗೆ ಪ್ರಭಾವಳಿ

ಸಂಡೂರಿನ ನಾರಿಹಳ್ಳದ ದಂಡೆಯಲ್ಲಿ ಬೆಳಗಿನಿಂದ ಅಂಬರಗುಬ್ಬಿಗಳ ಬೆನ್ನುಬಿದ್ದಿದ್ದೆ. ಗುಂಡಿ ಒತ್ತುವಷ್ಟರಲ್ಲಿ ಹಕ್ಕಿ ಮಾಯವಾಗಿ, ಕ್ಯಾಮೆರಾದಲ್ಲಿ ಬರೀ ಆಕಾಶ ಉಳಿಯುತ್ತಿತ್ತು. ಕೊನೆಗೆ ಹೆಂಡತಿ ಗಿರಿಜಾ ಕ್ಯಾಮೆರಾ ಕಸಿದುಕೊಂಡು, ಹಕ್ಕಿಯ ಜೊತೆಜೊತೆಗೇ ತಾನೂ ತಿರುಗುತ್ತ ಒತ್ತಿದಳು. ಕವಲು ಬಾಲ, ಚೂಪು ರೆಕ್ಕೆ, ಕಣ್ಣು, ಎಲ್ಲವೂ ಸಿಕ್ಕವು!

ಸಂಜೆ ಪ್ರಿಂಟ್ ಹಾಕಿಸಲು ಹೊಸಪೇಟೆಯ ಒಂದು ಸ್ಟುಡಿಯೊಗೆ ಹೋದೆವು. ಅದಿರಿನ ಲಾರಿಗಳ ಧೂಳಿನಿಂದ ಚಿತ್ರದ ಆಕಾಶ ಕೆಂಪಗಿತ್ತು. "ನೀಲಿ ಮಾಡ್ರಿ" ಎಂದೆ. ಸ್ಟುಡಿಯೊದ ಬಸಣ್ಣ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದರು. ಹಕ್ಕಿಯ ಸುತ್ತ ಬೆಳ್ಳನೆಯ ಅಂಚು ಮೂಡಿತು.

"ದೇವ್ರಿಗೆ ಪ್ರಭಾವಳಿ ಇಟ್ಟಂಗ ಆತಲ್ರಿ ಸರ!" ಎಂದು ನಕ್ಕರು. ಅಂಚನ್ನು ಒರೆಸಹೋದರೆ ರೆಕ್ಕೆಯ ತುದಿಯೇ ಸವೆಯತೊಡಗಿತು.

"ಬ್ಯಾಡ್ರಿ, ರೆಕ್ಕಿ ಹೊಕ್ಕೈತಿ. ನಾ ನೋಡಿದಾಗ ಆಕಾಶ ಕೆಂಪಗ ಇತ್ತು, ಹಂಗ ಇರ್ಲಿ" ಎಂದಳು ಗಿರಿಜಾ.

ಬಸಣ್ಣ ಮೊದಲಿನಂತೆ ಮಾಡಿದರು. ಕೆಂಧೂಳಿನೊಳಗಿಂದ ಹಕ್ಕಿ ಆಗಷ್ಟೇ ಹಾರಿಬಂದಂತಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ, ಮದುಮಕ್ಕಳ ಫೋಟೊಗಳ ನಡುವೆ ಇಡಲು ತಮಗೂ ಒಂದು ಪ್ರತಿ ಬೇಕೆಂದರು.

"ಕೆಳಗ ಯಾರ ಹೆಸ್ರು ಹಾಕ್ಲಿರಿ ಸರ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿದಳು.