ಇಪ್ಪತ್ತಮೂರು ಕೂಗು ಎಣಿಸುವ ಅಡುಗೆಯಾಕೆ

ಬೆಳಗಿನ ಐದೂಕಾಲು. ಮಳೆ ನಿಂತಿದೆ, ಗಾಳಿ ನಿಂತಿಲ್ಲ. ನಿಯೆವೆಸ್ ಅಮುತಾರಿ ಒಲೆ ಬಿಟ್ಟು ಬಂದು, ಬಿಡಾರದ ಅಂಚಿನಲ್ಲಿ ಕಾಡಿನ ಕಡೆಗೆ ಕಿವಿಗೊಟ್ಟು ನಿಂತಿದ್ದಾರೆ. ಒಳಗೆಲ್ಲೋ ಧಪ್ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಕಾಸ್ತಾನ್ಯಾ ಕಾಯಿ ಉದುರುತ್ತಿದೆ. ಅವರ ಹಿಂದೆ ಖಾಲಿ ಬುಟ್ಟಿ ಬೆನ್ನಿಗೇರಿಸಿಕೊಂಡ ಇಪ್ಪತ್ತೆರಡು ಗಂಡಸರು ಕಾಯುತ್ತಿದ್ದಾರೆ.

"ಇನ್ನೂ ಎಷ್ಟೊತ್ತಮ್ಮಾ? ಗಾಳಿ ನಿಮ್ಮ ನೆಂಟನಾ, ಹೇಳಿ ಹೋಗ್ಲಿ ಅಂತ ಕಾಯೋಕೆ?" ಎಂದು ಅವರಲ್ಲೊಬ್ಬ, ರೆಂಬೆರ್ತೊ, ಕೆಣಕುತ್ತಾನೆ.

"ನಿನ್ನ ತಲೆ ಗಟ್ಟಿ ಅಂತ ಗೊತ್ತು ಕಣಪ್ಪ. ಕಾಯಿ ಅದಕ್ಕಿಂತ ಗಟ್ಟಿ. ಕೂತ್ಕೊಂಡು ಕಾಫಿ ಕುಡಿ."

ಗಾಳಿ ಅಡಗಿದಾಗ ಆರೂಮುಕ್ಕಾಲು. ನಿಯೆವೆಸ್ ತಲೆಯಾಡಿಸಿದ ಮೇಲೆಯೇ ಗುಂಪು ಕಾಡಿಗಿಳಿಯುತ್ತದೆ.

ಬೊಲಿವಿಯಾದ ಉತ್ತರದ ಈ ಕಾಡುಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಸ್ತಾನ್ಯಾ ಸುಗ್ಗಿ. ಮರ ಹತ್ತಿ ಕೀಳುವ ಕೆಲಸವಲ್ಲ. ನಲವತ್ತು ಮೀಟರ್ ಎತ್ತರದಿಂದ ತಾನಾಗಿ ಉದುರಿದ ಕಾಯಿಯನ್ನು ಆಯ್ದು, ಮಚ್ಚಿನಿಂದ ಒಡೆದು, ಒಳಗಿನ ಬೀಜ ಹೊತ್ತು ತರಬೇಕು. ದೂರದೇಶದವರು ಬ್ರೆಜಿಲ್ ನಟ್ ಎಂದು ತಿನ್ನುವುದು ಇದನ್ನೇ. ಇಡೀ ಕಾಯಿ ಒಂದೊಂದೂ ಒಂದರಿಂದ ಎರಡು ಕಿಲೊ ತೂಗುತ್ತದೆ. ಹೆಲ್ಮೆಟ್‌ಗಳಿವೆ. ಸೆಕೆ, ಮೇಲಿನ ಸದ್ದು ಕೇಳಿಸುವುದಿಲ್ಲ ಎಂದು ಅರ್ಧಕ್ಕರ್ಧ ಜನ ಅವನ್ನು ಗೂಟಕ್ಕೆ ನೇತುಹಾಕಿ ಹೋಗುತ್ತಾರೆ.

ನಿಯೆವೆಸ್‌ಗೆ ಈಗ ಐವತ್ತಾರು. ಬಿಡಾರದಲ್ಲಿ ಅವರು ಅಡುಗೆಯವರು. ದೋಣಿ ನಡೆಸುವವರೂ ಅವರೇ. ಆಸ್ಪತ್ರೆಯಿರುವ ಪಟ್ಟಣ ದೋಣಿಯಲ್ಲಿ ಐದು ಗಂಟೆಯ ದಾರಿ. ಅಡುಗೆಮನೆಯ ಹಿಂದೆ ಅರವತ್ತು ಲೀಟರ್ ಪೆಟ್ರೋಲಿನ ನೀಲಿ ಡ್ರಮ್ ಒಂದಿದೆ, ಆ ದಾರಿಗೆಂದೇ ಮೀಸಲಾದ ಅದನ್ನು ಮೇಸ್ತ್ರಿಯೂ ಮುಟ್ಟುವಂತಿಲ್ಲ. ಹದಿನಾಲ್ಕು ಸುಗ್ಗಿಗಳಲ್ಲಿ ತಲೆಗೆ ಪೆಟ್ಟುಬಿದ್ದ ಹನ್ನೊಂದು ಜನರನ್ನು ಅವರು ಆಸ್ಪತ್ರೆಗೆ ಒಯ್ದಿದ್ದಾರೆ. ಒಂಬತ್ತು ಜನ ಬದುಕಿದ್ದಾರೆ. ಅವರಲ್ಲಿ ಮೂವರಿಗೆ ಏನೂ ಆಗಿರಲಿಲ್ಲವೆಂದು ಪರೀಕ್ಷೆಯಲ್ಲಿ ತಿಳಿಯಿತು. "ಆ ಮೂರು ಸಲ ನನಗೆ ಖುಷಿಯೋ ಖುಷಿ. ಮೇಸ್ತ್ರಿಗೆ ಆಗ್ಲಿಲ್ಲ," ಎನ್ನುತ್ತಾರೆ.

ಇದೆಲ್ಲ ಶುರುವಾದದ್ದು ಅವರು ಒಯ್ಯದೆ ಬಿಟ್ಟ ಒಬ್ಬನಿಂದ. ಅವರ ತಮ್ಮ ಲಿಬೊರಿಯೊ ಬೆಳಿಗ್ಗೆ ಕಾಯಿ ಬಡಿದು ಬಿದ್ದ, ಎದ್ದ, ನಕ್ಕ. ಮಧ್ಯಾಹ್ನ ಉಂಡು, ತಲೆ ನೋಯುತ್ತಿದೆ ಎಂದು ಜೋಲಿಯಲ್ಲಿ ಮಲಗಿದ. "ಗೊರಕೆ ಹೊಡೀತಿದ್ದ. ಪಾಪ ದಣಿದಿದಾನೆ, ಸದ್ದು ಮಾಡ್ಬೇಡಿ ಅಂತ ನಾನೇ ಎಲ್ಲರನ್ನೂ ಗದರಿಸ್ದೆ. ಸಂಜೆ ಅಲುಗಾಡಿಸಿದ್ರೆ ಏಳ್ಲಿಲ್ಲ."

ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ತುಂಬಬಹುದು, ಎದ್ದು ನಕ್ಕ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ ಎಂದು ಆಮೇಲೆ ಪಟ್ಟಣದ ನರ್ಸ್ ಒಬ್ಬರು ತಿಳಿಸಿ ಹೇಳಿದರು. ಅವರು ಹೇಳಿದ್ದನ್ನು ನಿಯೆವೆಸ್ ಇಂದಿಗೂ ಒಂದೂ ಬಿಡದೆ ಒಪ್ಪಿಸುತ್ತಾರೆ. "ಒಂದು ಗಳಿಗೆ ಎಚ್ಚರ ತಪ್ಪಿದ್ರೂ ದೋಣಿ. ಮತ್ತೆ ಮತ್ತೆ ವಾಂತಿ, ಏರ್ತಾನೇ ಹೋಗೋ ತಲೆನೋವು, ತೊದಲು ಮಾತು, ಎಬ್ಬಿಸಿದ್ರೂ ಏಳದ ಮಂಪರು, ಕಿವೀಲೋ ಮೂಗಲ್ಲೋ ನೀರು, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಕೈಕಾಲು ಸೋಲೋದು, ಫಿಟ್ಸು. ಯಾವುದಾದ್ರೂ ಒಂದು ಸಾಕು. ಎರಡನೇದು ಬರ್ಲಿ ಅಂತ ಕಾಯೋನು ಆಸ್ಪತ್ರೆ ಪಕ್ಕದಲ್ಲಿದ್ರೂ ದಡ್ಡನೇ. ನನಗಂತೂ ಐದು ಗಂಟೆ ದಾರಿ." ಯಾವುದೂ ಕಾಣದಿದ್ದರೂ ಪೆಟ್ಟುಬಿದ್ದವನಿಗೆ ಸಾರಾಯಿ ಇಲ್ಲ, ಒಂಟಿಯಾಗಿರುವಂತಿಲ್ಲ. ಇಡೀ ದಿನ ಒಲೆಯ ಪಕ್ಕ, ಅವರ ಕಣ್ಣೆದುರೇ ಕೂರಬೇಕು.

ನರ್ಸ್ ಹೇಳದ ಇನ್ನೊಂದು ಪರೀಕ್ಷೆಯನ್ನು ನಿಯೆವೆಸ್ ತಾವೇ ಕಂಡುಕೊಂಡಿದ್ದಾರೆ. ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವಾದ್ದರಿಂದ ಇಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಒಂದು ಕೂಗು ಇರುತ್ತದೆ. ಮಧ್ಯಾಹ್ನ ನಿಯೆವೆಸ್ ಪಾತ್ರೆ ಬಡಿದಾಗ ಎಲ್ಲರೂ ಕೂಗಬೇಕು, ಅವರು ಎಣಿಸುತ್ತಾರೆ. ಎಷ್ಟು ಬಂತು ಎಂಬುದಷ್ಟೇ ಅಲ್ಲ, ಯಾವುದು ಯಾರದೆಂಬುದೂ ಅವರಿಗೆ ಗೊತ್ತು.

ಹೋದ ಜನವರಿಯಲ್ಲಿ ಅನ್ಸೆಲ್ಮೊ ಚಿಪುನಾವಿಯ ತಲೆಗೆ ಕಾಯಿ ಬಡಿಯಿತು. ಎಚ್ಚರ ತಪ್ಪಿರಲಿಲ್ಲ. ಒಲೆಯ ಪಕ್ಕ ಬಾಳೆಕಾಯಿ ಸುಲಿಯುತ್ತ, "ಹೆಂಡ್ತಿ ಕೈಲಿ ಆಗದ್ದು ನಿಮ್ಮಿಂದ ಆಯ್ತು ನೋಡಿ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ಮಧ್ಯಾಹ್ನ ನಿಯೆವೆಸ್, "ಎಲ್ಲಿ, ನಿನ್ನ ಕೂಗು ಹಾಕು," ಎಂದರು. ಅವನದು ಎರಡು ಗಿಡ್ಡ, ಒಂದು ಉದ್ದ. ಅವನು ಹಾಕಿದ್ದು ಗಿಣಿಯಂತೆ ಗಂಟಲು ಒಡೆಯುವ ರೆಂಬೆರ್ತೊನ ಕೂಗು.

ಹೊರೆ ಇಳಿಸಲು ಬಂದಿದ್ದವರೆಲ್ಲ ನಕ್ಕರು. ಅಣಕಿಸುವುದರಲ್ಲಿ ಅನ್ಸೆಲ್ಮೊ ಎತ್ತಿದ ಕೈ.

"ಯಾಕ್ರೋ ನಗ್ತೀರಾ?" ಎಂದ ಅವನು.

ನಿಯೆವೆಸ್ ಸೌಟು ಕೆಳಗಿಟ್ಟು ನೀಲಿ ಡ್ರಮ್ ಉರುಳಿಸತೊಡಗಿದರು. ಮೇಸ್ತ್ರಿ ಅಡ್ಡ ಬಂದ: "ಅವನ ಒಂದು ತಮಾಷೆಗೆ ಅರವತ್ತು ಲೀಟರ್ ಸುಡ್ತೀರಾ?"

"ತಮಾಷೆ ಮಾಡೋನು ಎಲ್ಲರಿಗಿಂತ ಮೊದ್ಲು ನಗ್ತಾನೆ. ಇವನು ನಗ್ಲಿಲ್ಲ. ದಾರಿ ಬಿಡಿ."

ಆ ಹೊತ್ತಿಗೆ ಅವನಿಗೆ ವಾಂತಿಯಾಗಿರಲಿಲ್ಲ, ಮಾತು ತೊದಲಿರಲಿಲ್ಲ, ಎರಡೂ ಕಣ್ಣಿನ ಪಾಪೆ ಸಮವಾಗಿದ್ದವು. ನಿಯೆವೆಸ್ ಕಂಡದ್ದು ಒಂದು ತಪ್ಪು ಕೂಗು, ನಗದ ಒಂದು ಮುಖ, ಅಷ್ಟೇ. ದೋಣಿ ಹೊರಟದ್ದು ಹನ್ನೆರಡೂ ಇಪ್ಪತ್ತಕ್ಕೆ. ಎರಡನೇ ತಿರುವಿನಲ್ಲಿ ಅವನಿಗೆ ವಾಂತಿ ಶುರುವಾಯಿತು. ದಾರಿಯ ನಾಲ್ಕನೇ ಗಂಟೆಯಲ್ಲಿ ಬಲಗೈ ಮೇಲೇಳಲಿಲ್ಲ. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಅರ್ಧ ಗಂಟೆ ಉಳಿಯಿತು. ನಾಲ್ಕೂ ಐವತ್ತಕ್ಕೆ ಆಸ್ಪತ್ರೆ ಮುಟ್ಟಿದರು. ಅಲ್ಲಿಂದ ಪುಟ್ಟ ವಿಮಾನದಲ್ಲಿ ದೊಡ್ಡ ಊರಿಗೆ ಕಳಿಸಿ, ಅಂದೇ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಆಸ್ಪತ್ರೆಯ ಚೀಟಿಯನ್ನು ಅನ್ಸೆಲ್ಮೊ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದಾನೆ. ಅದರಲ್ಲಿ ಹೀಗಿದೆ: "ಕರೆತಂದವರು: ಅಡುಗೆಯವರು. ಲಕ್ಷಣಗಳನ್ನು ಹೊತ್ತು ಸಮೇತ ತಪ್ಪಿಲ್ಲದೆ ಹೇಳಿದ್ದಾರೆ."

ಈ ಸುಗ್ಗಿಗೆ ಅವನು ಬಿಡಾರಕ್ಕೆ ಮರಳಿದ್ದಾನೆ, ಮರಗಳ ಕೆಳಗೆ ಹೋಗುವಂತಿಲ್ಲ. ಎಡಗಿವಿಯ ಮೇಲೆ ಬಾಗಿದ ಗಾಯದ ಗುರುತು. ಬಾಳೆಕಾಯಿ ಸುಲಿಯುವ ಬಲಗೈ ಹಿಡಿತ ಇನ್ನೂ ಸಡಿಲ.

"ಸಿಪ್ಪೆ ಜೊತೆ ಅರ್ಧ ಕಾಯೂ ಹೋಗ್ತಿದೆಯಲ್ಲೋ," ಎಂದು ನಿಯೆವೆಸ್ ಗದರುತ್ತಾರೆ.

"ತಲೇಲಿ ತೂತು ಮಾಡಿದೋರು ಕೈಗೆ ಚಾಕು ಹಿಡಿಯೋದು ಕಲಿಸ್ಲಿಲ್ಲಮ್ಮ."

ನಿಮಗೇನು ಆಸೆ ಎಂದು ಕೇಳಿದರೆ ನಿಯೆವೆಸ್ ಡ್ರಮ್ಮಿನತ್ತ ನೋಡುತ್ತಾರೆ. "ಮಾರ್ಚಲ್ಲಿ ಅದು ತುಂಬಿದ ಹಾಗೇ ವಾಪಸ್ ಹೋಗ್ಬೇಕು. ಹದಿನಾಲ್ಕು ವರ್ಷದಲ್ಲಿ ಐದು ಸಲ ಹೋಗಿದೆ."

ಮಧ್ಯಾಹ್ನ ಹನ್ನೆರಡು. ಅವರು ಪಾತ್ರೆ ಬಡಿಯುತ್ತಾರೆ. ಕಾಡಿನ ಒಂದೊಂದು ಮೂಲೆಯಿಂದ ಒಂದೊಂದು ಕೂಗು ಬರುತ್ತದೆ, ಬೆರಳು ಮಡಚುತ್ತ ಹೋಗುತ್ತಾರೆ. ಗಿಣಿಯ ಗಂಟಲಿನದೂ ಬಂತು. ಇಪ್ಪತ್ತೆರಡು. ಅವರು ಅಲ್ಲಿಗೆ ನಿಲ್ಲಿಸದೆ ಒಲೆಯ ಕಡೆ ತಿರುಗಿ ಕಾಯುತ್ತಾರೆ. ಅನ್ಸೆಲ್ಮೊ ಕೈಯಲ್ಲಿದ್ದ ಬಾಳೆಕಾಯಿ ಬದಿಗಿಟ್ಟು ತಲೆಯೆತ್ತುತ್ತಾನೆ. ಎರಡು ಗಿಡ್ಡ, ಒಂದು ಉದ್ದ.

"ಇಪ್ಪತ್ತಮೂರು," ಎಂದು ನಿಯೆವೆಸ್ ತಟ್ಟೆಗಳನ್ನು ಹರಡತೊಡಗುತ್ತಾರೆ.